ಮೂತಿಯ ತೂಕ

ಆ ಟ್ರೈಲರ್‌ನ ಮೂತಿಯನ್ನು, ಅಂದರೆ ಜೀಪಿಗೆ ಸಿಕ್ಕಿಸುವ ಮುಂದಿನ ತುದಿಯನ್ನು, ನಾನು ಎಡಗೈಯೊಂದರಲ್ಲೇ ಎತ್ತಿ ತೋರಿಸಿದ್ದೆ. ಶೆಟ್ಟಿಹಳ್ಳಿಯ ನಮ್ಮ ಶೆಡ್ಡಿನ ಮುಂದೆ ಪೂಜೆ ಆಗಷ್ಟೇ ಮುಗಿದಿತ್ತು. ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಇನ್ನೂ ಹಾಗೇ ಇತ್ತು, ನೆಂಟರೆಲ್ಲ ಪ್ರಸಾದದ ದೊನ್ನೆ ಹಿಡಿದು ನಿಂತಿದ್ದರು. ಸಾವಿರ ಕಿಲೋ ಮೀರಿದ ಗಾಡಿ, ಒಂದೇ ಕೈಗೆ ಹೇಗೆ ಏಳುತ್ತದೆ ನೋಡಿ ಅಂತ ಎತ್ತಿದೆ. ಎಲ್ಲರೂ ಭೇಷ್ ಅಂದರು. ನನಗಾಗ ಐವತ್ತೊಂದು ತುಂಬಿತ್ತು. ತೋಳಿನಲ್ಲಿ ಇನ್ನೂ ಕಸುವಿದೆ ಎನ್ನುವ ಜಂಬವೂ ಅದರೊಳಗೆ ಸೇರಿತ್ತು. ಈಗ ನೆನೆದರೆ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಅನಿಸುತ್ತದೆ, ಯಾಕೆಂದರೆ ಆ ಗಾಡಿಯ ದೋಷವಿದ್ದದ್ದೇ ಆ ಹಗುರವಾದ ಮೂತಿಯಲ್ಲಿ.

ಅದು ಜೀಪಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ, ಎರಡು ಚಕ್ರದ ಪುಟ್ಟ ಮನೆ. ಒಳಗೆ ಎರಡು ಮಂಚ, ಅಡುಗೆ ಕಟ್ಟೆ, ಬಚ್ಚಲು, ಹಿಂದಿನ ಮಂಚದ ಕೆಳಗೆ ನೂರು ಲೀಟರಿನ ನೀರಿನ ಟ್ಯಾಂಕು. ನನ್ನಿಂದ ಅದನ್ನು ಮಾಡಿಸಿದವರು ಸಹಕಾರನಗರದ ನಿವೃತ್ತ ಟೀಚರ್ ಒಬ್ಬರು. ಅವರ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತು ಪೂರ್ತಿ ನಿಂತಿತ್ತು, ಆದರೆ ತಲೆ ಚುರುಕಾಗಿಯೇ ಇತ್ತು. ಗಾಲಿಕುರ್ಚಿ ಒಳಗೆ ಹೋಗುವಂಥ ಬಚ್ಚಲು ಯಾವ ಲಾಡ್ಜಿನಲ್ಲೂ ಸಿಗದೆ ಮೂರು ವರ್ಷದಿಂದ ಇಬ್ಬರೂ ಮನೆ ಬಿಟ್ಟು ಕದಲಿರಲಿಲ್ಲ. ಅವರನ್ನೊಮ್ಮೆ ಸಮುದ್ರದ ಹತ್ತಿರ ಕರೆದುಕೊಂಡು ಹೋಗಬೇಕು ಅಂತ ಟೀಚರಿಗೆ ಬಹಳ ಆಸೆಯಿತ್ತು. ಅಷ್ಟು ದೂರ ಹೋಗುವ ಮುಂಚೆ ನಂದಿ ಬೆಟ್ಟದ ಬುಡಕ್ಕೆ ಹೋಗಿ ಒಂದು ರಾತ್ರಿ ಇದ್ದು ಬರೋಣ ಎಂದು ತೀರ್ಮಾನವಾಗಿತ್ತು.

ಎಳೆಯುವುದಕ್ಕೆ ನನ್ನದೇ ಜೀಪು, ಡ್ರೈವರನ್ನೂ ನಾನೇ ಗೊತ್ತುಮಾಡಿಕೊಟ್ಟೆ. ಕೊಡಿಗೇಹಳ್ಳಿಯವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಬಹಳ ಕಾಲದ ಪರಿಚಯ. ವರ್ಷಗಟ್ಟಲೆ ಕಂಟೇನರ್ ಲಾರಿ ಓಡಿಸಿ, ಬೆನ್ನು ನೋವೆಂದು ಬಿಟ್ಟು, ಈಗ ಸಹಕಾರನಗರದ ಮನೆಗಳವರು ಕರೆದಾಗ ಹೋಗಿ ಅವರ ಕಾರು ಓಡಿಸುತ್ತಿದ್ದ. ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಏರ್‌ಪೋರ್ಟಿಗೆ ಬಿಡುವುದು, ಇಂಥವೇ ಕೆಲಸ. ಅವನ ಕೈಗೆ ಸ್ಟಿಯರಿಂಗ್ ಕೊಟ್ಟರೆ ಹಿಂದೆ ಕೂತವರು ನಿದ್ದೆ ಮಾಡಬಹುದು ಅಂತ ಒಂದು ಮನೆಯವರು ಇನ್ನೊಂದು ಮನೆಗೆ ಹೇಳಿ, ಅದರಿಂದಲೇ ಅವನ ಜೀವನ ನಡೆಯುತ್ತಿತ್ತು. ಆ ಹೆಸರು ಬಿಟ್ಟರೆ ಅವನ ಹತ್ತಿರ ಬೇರೆ ಬಂಡವಾಳವಿರಲಿಲ್ಲ.

ಮೂತಿ ಹಗುರವಿರಬೇಕು ಅನ್ನುವುದು ನನ್ನ ತಲೆಗೆ ಬಂದದ್ದು ಎತ್ತಿನ ಗಾಡಿಯಿಂದ. ನಮ್ಮ ಮನೆಯಲ್ಲಿ ಗಾಡಿ ಇದ್ದ ಕಾಲದಲ್ಲಿ ತಾತ ಹುಲ್ಲು ಹೇರಿಸುವಾಗ ಗಾಡಿಯಿಂದ ನೊಗದವರೆಗೆ ಚಾಚಿದ ಮರ, ಆ ಮೂಕಿ ಹಿಡಿದು ಮೇಲೆ ಕೆಳಗೆ ತೂಗಿ ನೋಡುತ್ತಿದ್ದರು. ಭಾರ ಮುಂದೆ ಬಿದ್ದರೆ ನೊಗ ಎತ್ತಿನ ಹೆಗಲು ಹುಣ್ಣು ಮಾಡುತ್ತದೆ, ಹಿಂದೆ ಬಿದ್ದರೆ ಕೊರಳಿನ ಹಗ್ಗ ಬಿಗಿಯುತ್ತದೆ. ಅಚ್ಚಿನ ಮೇಲೆ ಭಾರ ಸಮ ಕೂತು, ಮೂಕಿ ಕೈಗೆ ಹೂವಿನ ಹಾಗೆ ಬಂದರೆ ಗಾಡಿ ಹೇರಿದ್ದು ಸರಿ. ನಮ್ಮ ಕಡೆ ಗಾಡಿ ಕಂಡ ಮನೆಗಳಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಾನು ಟ್ರೈಲರಿನ ಅಚ್ಚು ಕೂರಿಸಿದ್ದು ಅದೇ ಲೆಕ್ಕದಲ್ಲಿ. ಜೀಪಿನ ಹೆಗಲಿಗೆ ನೋವಾಗಬಾರದು ಅಂತ ಟ್ಯಾಂಕು, ಎರಡು ಬ್ಯಾಟರಿ, ಗಾಲಿಕುರ್ಚಿಯ ಸ್ಟ್ಯಾಂಡು ಎಲ್ಲವನ್ನೂ ಅಚ್ಚಿನ ಹಿಂದಕ್ಕೆ ಹಾಕಿದ್ದೆ. ಎತ್ತು ಗಂಟೆಗೆ ಮೂರು ಮೈಲಿ ನಡೆಯುತ್ತದೆ, ಜೀಪು ಅರವತ್ತು ಕಿಲೋಮೀಟರ್ ಓಡುತ್ತದೆ ಅನ್ನುವ ಯೋಚನೆ ಗಾಡಿ ಕಟ್ಟಿದ ಆರು ತಿಂಗಳಲ್ಲಿ ಒಂದು ದಿನವೂ ನನಗೆ ಬರಲಿಲ್ಲ.

ಓಡಿಸಿ ನೋಡಲಿಲ್ಲ ಅಂತಲ್ಲ. ಹೆಸರಘಟ್ಟದ ರಸ್ತೆಯಲ್ಲಿ ಎರಡು ಸಲ ಹೋಗಿ ಬಂದಿದ್ದೆ. ಟ್ಯಾಂಕು ಖಾಲಿ, ಗಾಲಿಕುರ್ಚಿ ಇಲ್ಲ, ರಸ್ತೆಯ ಹಳ್ಳಕ್ಕೆ ಹೆದರಿ ನಲವತ್ತು ದಾಟಿರಲಿಲ್ಲ. ಗಾಡಿ ಕುರಿಮರಿಯ ಹಾಗೆ ಹಿಂದೆ ಬಂತು. ಅಷ್ಟಕ್ಕೇ ಪರೀಕ್ಷೆ ಮುಗಿಯಿತು ಅಂದುಕೊಂಡೆ.

ಹೊರಡುವ ದಿನ ಮಧ್ಯಾಹ್ನ ಡ್ರೈವರ್ ಒಂದು ಗಂಟೆ ಮುಂಚೆಯೇ ಬಂದ. ಜೀಪಿನ ಹಿಂದೆ ಟ್ರೈಲರ್ ಸಿಕ್ಕಿಸಲೆಂದೇ ಇರುವ ಕಬ್ಬಿಣದ ಗುಂಡಿನ ಮೇಲೆ ಮೂತಿ ಕೂರಿಸಿ, ಲಾಕು ಬಿದ್ದಿದೆಯಾ ಅಂತ ಎಳೆದು ನೋಡಿದ. ಎರಡು ಸರಪಳಿಗಳನ್ನು ಅಡಿಯಲ್ಲಿ ಕತ್ತರಿಯ ಹಾಗೆ ಅಡ್ಡಡ್ಡ ಹಾಯಿಸಿದ. ಗುಂಡು ಕಳಚಿಕೊಂಡರೂ ಮೂತಿ ನೆಲಕ್ಕೆ ಬಡಿಯದೆ ಸರಪಳಿಯ ಮೇಲೆ ಕೂರುತ್ತದಂತೆ. ಟಯರಿನ ಗಾಳಿ, ಚಕ್ರದ ನಟ್ಟು, ಹಿಂದಿನ ದೀಪ ನೋಡಿದ. ಆಮೇಲೆ ಮೂತಿಯ ಮೇಲೆ ಅಂಗೈ ಊರಿ ಎರಡು ಸಲ ಒತ್ತಿ ನನ್ನ ಕಡೆ ತಿರುಗಿದ.

"ಮೂತಿ ತುಂಬಾ ಹಗುರ ಅನ್ಸುತ್ತಲ್ಲ ಅಣ್ಣ. ನೀರ್ ತುಂಬಿಸ್ಕೊಂಡು ಒಂದ್ಸಲ ಗಾಡಿ ತೂಗೋ ವೇಬ್ರಿಡ್ಜ್ ಕಡೆ ಹೋಗಿ ಬರೋಣ್ವಾ?"

ಟೀಚರ್ ಮನೆಯವರು ಸ್ವೆಟರ್ ಹಾಕಿಕೊಂಡು ಕಾಯುತ್ತಾ ಕೂತಿದ್ದಾರೆ, ಇವನದೊಂದು ಶಾಸ್ತ್ರ ಅನಿಸಿತು. ಲಾರಿಯ ಲೆಕ್ಕ ಇಲ್ಲಿ ಬೇಡ, ನೀರು ತುಂಬಿಸಿಕೊಂಡು ಹೊರಡು ಅಂದೆ. ಅವನು ಪೈಪು ಎಳೆದು ನೀರು ತುಂಬಿಸತೊಡಗಿದ. ನನ್ನ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆಯಿತ್ತು.

ಐದು ಗಂಟೆಯ ಹೊತ್ತಿಗೆ ಟೀಚರ್ ಫೋನ್ ಮಾಡಿದರು. ಯಲಹಂಕ ದಾಟಿ ಏರ್‌ಪೋರ್ಟ್ ಕಡೆ ಹೋಗುವಾಗ ಮೇಲ್ಸೇತುವೆಯ ಇಳಿಜಾರಿನಲ್ಲಿ ಟ್ರೈಲರ್ ಅಡ್ಡಾದಿಡ್ಡಿ ಆಡಿತು, ಡಿವೈಡರಿಗೆ ತಗುಲಿತು, ಯಾರಿಗೂ ಏನೂ ಆಗಿಲ್ಲ ಅಂದರು. ನಾನು ಕಾರು ತೆಗೆದುಕೊಂಡು ಓಡಿದೆ. ಮುಕ್ಕಾಲು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ನನ್ನ ಚಿಂತೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಜೀಪಿನಲ್ಲಿದ್ದವರದಾಗಿರಲಿಲ್ಲ. ಮೊನ್ನೆ ಭೇಷ್ ಅಂದ ನೆಂಟರಿಗೆ ಇದು ತಿಳಿದರೆ ಏನಂದಾರು ಅನ್ನುವುದಾಗಿತ್ತು.

ರಸ್ತೆಯ ಪಕ್ಕದಲ್ಲಿ ಜೀಪು, ಟ್ರೈಲರು ನೇರವಾಗಿಯೇ ನಿಂತಿದ್ದವು. ಟ್ರೈಲರಿನ ಹಿಂದಿನ ಬಲಗಡೆಯ ತಗಡು ಒಳಕ್ಕೆ ಮಡಚಿಕೊಂಡಿತ್ತು. ನಡೆದದ್ದನ್ನು ಡ್ರೈವರ್ ಹೇಳಿದ. ಪಕ್ಕದಲ್ಲಿ ಒಂದು ದೊಡ್ಡ ಬಸ್ಸು ಜೋರಾಗಿ ಹಾದುಹೋಗಿದೆ. ಅದರ ಗಾಳಿಗೆ ಟ್ರೈಲರಿನ ಬಾಲ ಒಮ್ಮೆ ಎಡಕ್ಕೆ ಹೋಗಿ, ಬಲಕ್ಕೆ ಬಂದು, ಪ್ರತಿ ಸಲವೂ ಮೊದಲಿಗಿಂತ ಹೆಚ್ಚಾಗಿ ಬೀಸಿದೆ. ಅವನು ಬ್ರೇಕ್ ಮುಟ್ಟಿಲ್ಲ, ಸ್ಟಿಯರಿಂಗ್ ಆ ಕಡೆ ಈ ಕಡೆ ತಿರುಗಿಸಿಲ್ಲ, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು ನೇರ ಹಿಡಿದು ಕೂತಿದ್ದಾನೆ. ವೇಗ ಇಳಿದ ಮೇಲೆ ಓಲಾಟ ತಾನಾಗಿ ನಿಂತಿದೆ. ಅಷ್ಟರಲ್ಲಿ ಬಾಲ ಒಂದು ಸಲ ಡಿವೈಡರಿಗೆ ಉಜ್ಜಿಕೊಂಡಿದೆ. ಅರವತ್ತರ ಮೇಲೆ ಹೋಗಿರಲಿಲ್ಲ ಅಣ್ಣ ಅಂತ ಹೇಳಿ, ಚಕ್ರಕ್ಕೆ ಕಲ್ಲು ಕೊಡಲು ಅವನು ಟ್ರೈಲರಿನ ಹಿಂದಕ್ಕೆ ಹೋದ.

ಆಗ ಟೀಚರ್ ನನ್ನ ಹತ್ತಿರ ಬಂದು ನೇರವಾಗಿ ಕೇಳಿದರು. "ಗಾಡಿ ಮಾಡಿರೋದ್ರಲ್ಲೇ ಏನಾದ್ರೂ ತೊಂದ್ರೆ ಇದ್ಯಾ? ಇವರನ್ನ ಕೂರಿಸ್ಕೊಂಡು ಹೋಗೋದು. ಇದ್ರೆ ಹೇಳ್ಬಿಡಿ."

ಗೊತ್ತಿಲ್ಲ ಮೇಡಂ, ನೋಡಿ ಹೇಳುತ್ತೇನೆ ಅನ್ನಬಹುದಿತ್ತು. ಅಷ್ಟು ಸಣ್ಣ ಮಾತು. ನನ್ನ ಬಾಯಿಂದ ಬಂದದ್ದು ಬೇರೆ.

"ಗಾಡೀಲಿ ಏನೂ ಇಲ್ಲ ಮೇಡಂ. ಅವ್ನದು ಲಾರಿ ಕಾಲು. ಇಳಿಜಾರಲ್ಲಿ ಬಿಟ್ಟಿದ್ದಾನೆ. ಎಂಬತ್ತು ದಾಟ್ದೆ ಇದು ಹಿಂಗಾಗೋಕೆ ಸಾಧ್ಯವೇ ಇಲ್ಲ."

ಜೀಪಿನ ಮುಂದಿನ ಸೀಟಿನಲ್ಲಿ ಟೀಚರ ಯಜಮಾನರು ಕೂತಿದ್ದರು, ಕಿಟಕಿ ಇಳಿದಿತ್ತು. ಅವರು ಎಡಗೈಯನ್ನು ಕಿಟಕಿಯಿಂದ ಹೊರಗೆ ಚಾಚಿದರು. ಐದು ಬೆರಳು ಬಿಡಿಸಿ ತೋರಿಸಿದರು, ಆಮೇಲೆ ಒಂದು ಬೆರಳು, ಆಮೇಲೆ ಮುಷ್ಟಿ. ಮತ್ತೆ ಅದನ್ನೇ ಮಾಡಿದರು. ಟೀಚರ್ ಗಡಿಯಾರ ನೋಡಿಕೊಂಡು, ಆರು ಗಂಟೆಯ ಮಾತ್ರೆ ಕೇಳುತ್ತಿದ್ದಾರೆ ಅಂತ ಪರ್ಸು ತೆರೆದರು. ಅವರು ಜೋರಾಗಿ ತಲೆಯಾಡಿಸಿ ಬೇಡವೆಂದು ಸ್ಪೀಡಿನ ಮೀಟರಿನ ಕಡೆ ಬೆರಳು ತೋರಿಸಿದರು. ಟೀಚರಿಗೆ ಗಾಬರಿಯಲ್ಲಿ ತಿಳಿಯಲಿಲ್ಲ. ಇರಿ, ಕೊಡ್ತೀನಿ ಅಂತ ಮಾತ್ರೆ ಬಾಯಿಗಿಟ್ಟು ನೀರು ಕುಡಿಸಿದರು. ನೀರು ಗಲ್ಲದ ಮೇಲೆ ಇಳಿಯುತ್ತಿರುವಾಗಲೂ ಅವರು ನನ್ನನ್ನೇ ನೋಡುತ್ತಿದ್ದರು. ಆರು, ಸೊನ್ನೆ. ಅರವತ್ತು. ನನಗೆ ಮೊದಲ ಸಲಕ್ಕೇ ಅರ್ಥವಾಗಿತ್ತು. ನಾನು ಬಗ್ಗಿ ಟಯರು ನೋಡತೊಡಗಿದೆ.

ಟ್ರೈಲರಿನ ಹಿಂದಿದ್ದ ಡ್ರೈವರಿಗೆ ನಾನು ಟೀಚರಿಗೆ ಹೇಳಿದ್ದು ಕೇಳಿಸಿತ್ತು, ವಾಪಸು ಬಂದ. ಏನಾದರೂ ಜಗಳ ತೆಗೆಯುತ್ತಾನೆ ಅಂದುಕೊಂಡೆ. ಅವನು ಟೀಚರ ಮುಖ ನೋಡಿದ, ನನ್ನ ಮುಖ ನೋಡಿದ, ಕೀಯನ್ನು ಬಾನೆಟ್ ಮೇಲಿಟ್ಟ. ವಾಪಸು ಹೋಗುವಾಗ ನಲವತ್ತು ದಾಟಿಸಬೇಡಿ ಅಣ್ಣ, ಅವರು ಕೂತಿರ್ತಾರೆ ಅಂತ ಹೇಳಿ ಬಸ್ ಸ್ಟಾಪಿನ ಕಡೆ ನಡೆದುಕೊಂಡು ಹೋದ. ನನ್ನ ಕಾರನ್ನು ಅಲ್ಲೇ ಬಿಟ್ಟು ನಾನೇ ಜೀಪು ಓಡಿಸಿದೆ, ನಲವತ್ತು ದಾಟಿಸಲಿಲ್ಲ.

ತಗಡು ಬಿಚ್ಚಿ, ತಟ್ಟಿ, ಬಣ್ಣ ಹೊಡೆಯಲು ಎಂಟು ದಿನ ಹಿಡಿಯಿತು. ಅಷ್ಟೂ ದಿನ ನನ್ನ ತಲೆಯಲ್ಲಿ ಒಂದೇ ಹಟ. ಅರವತ್ತಕ್ಕೆ ಈ ಗಾಡಿ ಆಡುವುದಿಲ್ಲ ಅಂತ ನನಗೆ ನಾನೇ ತೋರಿಸಿಕೊಳ್ಳಬೇಕು. ಒಂದು ಭಾನುವಾರ ಬೆಳಗ್ಗೆ ಟ್ಯಾಂಕು ತುಂಬಿಸಿ, ಹಿಂದಿನ ಸ್ಟ್ಯಾಂಡಿಗೆ ಗಾಲಿಕುರ್ಚಿಯ ತೂಕದ ಕಬ್ಬಿಣ ಕಟ್ಟಿ, ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆ ಹಿಡಿದೆ. ಐವತ್ತರವರೆಗೆ ಏನೂ ಇಲ್ಲ. ಐವತ್ತೈದಕ್ಕೆ ಸ್ಟಿಯರಿಂಗಿನಲ್ಲಿ ಸಣ್ಣಗೆ ಎಳೆತ. ಕನ್ನಡಿಯಲ್ಲಿ ಟ್ರೈಲರಿನ ಒಂದು ಮೂಲೆ ಕಾಣಿಸುತ್ತಿತ್ತು, ಮರೆಯಾಗುತ್ತಿತ್ತು. ಅರವತ್ತು ಮುಟ್ಟಿದಾಗ ಒಂದು ಹಾಲಿನ ಟ್ಯಾಂಕರ್ ಪಕ್ಕದಲ್ಲಿ ಹಾದುಹೋಯಿತು.

ಹಿಂದಿನಿಂದ ಯಾರೋ ಜೀಪಿನ ಸೊಂಟ ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಎಸೆದ ಹಾಗಾಯಿತು. ಏನು ಮಾಡಬಾರದೋ ಅದನ್ನೇ ಮಾಡಿದೆ, ಬ್ರೇಕ್ ಒತ್ತಿದೆ. ಜೀಪು ನಿಧಾನವಾಯಿತು, ಹಿಂದಿನ ಸಾವಿರ ಕಿಲೋ ನಿಧಾನವಾಗಲಿಲ್ಲ. ಅದು ಜೀಪಿನ ಬೆನ್ನಿಗೆ ಗುದ್ದಿ ಅಡ್ಡ ತಿರುಗಿಸಿತು. ಸ್ಟಿಯರಿಂಗ್ ಬಲಕ್ಕೆ ಎಳೆದೆ, ಎಡಕ್ಕೆ ಎಳೆದೆ, ಪ್ರತಿ ಎಳೆತಕ್ಕೂ ಬಾಲ ಇನ್ನೂ ದೊಡ್ಡದಾಗಿ ಬೀಸಿತು. ಕೊನೆಗೆ ರಸ್ತೆಯಂಚಿನ ಮಣ್ಣಿಗೆ ಇಳಿದು ನಿಂತಾಗ ಟ್ರೈಲರು ಜೀಪಿನ ಪಕ್ಕಕ್ಕೆ ಮಡಚಿಕೊಂಡಿತ್ತು. ಟ್ಯಾಂಕರ್ ಆಗಲೇ ಮುಂದೆ ಹೋಗಿತ್ತು, ಭಾನುವಾರದ ಬೆಳಗ್ಗೆಯಾದ್ದರಿಂದ ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಳಿದು ಬಾಗಿಲ ಪಕ್ಕ ಮಣ್ಣಿನಲ್ಲೇ ಕೂತೆ. ಇದೇ ಗಾಡಿಯನ್ನು, ಇದೇ ವೇಗದಲ್ಲಿ, ಇಳಿಜಾರಿನಲ್ಲಿ, ಪಕ್ಕದಲ್ಲಿ ಬಸ್ಸಿದ್ದಾಗ ಅವನು ನೇರ ನಿಲ್ಲಿಸಿದ್ದ. ಜೀಪಿನೊಳಗೆ ಇಬ್ಬರು ವಯಸ್ಸಾದವರಿದ್ದರು. ಅವನಿಗೆ ನಾನು ಲಾರಿ ಕಾಲು ಅಂದಿದ್ದೆ.

ಅದೇ ಹೊತ್ತಿಗೆ ಫೋನ್ ತೆಗೆದು ಅವನಿಗೆ ಹೇಳಿದ್ದರೆ ಈ ಕಥೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ನಾನು ಫೋನ್ ಮಾಡಿದ್ದು ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿರುವ ಪರಿಚಯದವರಿಗೆ. ಮೂಟೆ ತೂಗುವ ಸ್ಕೇಲು ಸ್ವಲ್ಪ ದಿನದ ಮಟ್ಟಿಗೆ ಬೇಕು ಅಂದೆ. ಯಾಕೆ ಅಂತ ಅವರು ಕೇಳಿದ್ದಕ್ಕೆ ಏನೋ ಒಂದು ಸುಳ್ಳು ಹೇಳಿದೆ.

ಶೆಡ್ಡಿನಲ್ಲಿ ನೆಲ ಸಮ ಇರುವ ಕಡೆ ಟ್ರೈಲರ್ ನಿಲ್ಲಿಸಿ, ಮೂತಿಯ ಕೆಳಗೆ ಸ್ಕೇಲಿಟ್ಟು, ಅದರ ಮೇಲೆ ಜೀಪಿನ ಗುಂಡಿನಷ್ಟೇ ಎತ್ತರಕ್ಕೆ ಮರದ ದಿಮ್ಮಿ ಇಟ್ಟು ಮೂತಿ ಇಳಿಸಿದೆ. ಟ್ಯಾಂಕು ಖಾಲಿಯಿದ್ದಾಗ ನಲವತ್ತೆರಡು ಕಿಲೋ. ನೀರು ತುಂಬಿಸುತ್ತಾ ಹೋದ ಹಾಗೆ ಅಂಕಿ ಇಳಿಯುತ್ತಾ ಬಂದು ಹನ್ನೊಂದಕ್ಕೆ ನಿಂತಿತು. ಹಿಂದೆ ಗಾಲಿಕುರ್ಚಿಯ ತೂಕ ಕಟ್ಟಿದೆ. ಒಂದು ಕಿಲೋಗೂ ಕಡಿಮೆ ತೋರಿಸಿತು. ಇಷ್ಟು ದೊಡ್ಡ ಗಾಡಿ ಜೀಪನ್ನು ಹಿಡಿದುಕೊಂಡೇ ಇರಲಿಲ್ಲ. ಆಮೇಲೆ ಓದಿ, ಇದೇ ಕಸುಬಿನವರನ್ನು ಕೇಳಿ ತಿಳಿದುಕೊಂಡೆ: ಓಡುವ ಟ್ರೈಲರಿನ ಒಟ್ಟು ತೂಕದಲ್ಲಿ ಹತ್ತನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಮೂತಿಯ ಮೇಲೆ ಕೂತಿರಬೇಕು. ನನ್ನ ಗಾಡಿಗೆ ಅದು ನೂರಿಪ್ಪತ್ತರ ಮೇಲೆ ಬರಬೇಕಿತ್ತು. ಅಂಥ ಮೂತಿಯನ್ನು ನಾನಿರಲಿ, ಯಾರೂ ಒಂದೇ ಕೈಯಲ್ಲಿ ಎತ್ತಲಾರರು.

ಸರಿಪಡಿಸುವ ನೇರ ದಾರಿ ಗೊತ್ತಾಗಿತ್ತು. ಒಳಗಿನ ಮಂಚ ಒಡೆದು ಟ್ಯಾಂಕನ್ನು ಅಚ್ಚಿನ ಮುಂದಕ್ಕೆ ತರಬೇಕು, ಬ್ಯಾಟರಿಗಳನ್ನು ಮೂತಿಯ ಮೇಲಿನ ಪೆಟ್ಟಿಗೆಗೆ ಹಾಕಬೇಕು. ಆದರೆ ಮಂಚ ಒಡೆದರೆ ಟೀಚರ್ ಯಾಕೆ ಅಂತ ಕೇಳುತ್ತಾರೆ. ಅದಕ್ಕೆ ಮೊದಲು ಕಳ್ಳದಾರಿ ಹಿಡಿದೆ. ಜೀಪಿಗೂ ಟ್ರೈಲರಿನ ಮೂತಿಗೂ ನಡುವೆ ಓರೆಯಾಗಿ ಕೂರಿಸುವ ಒಂದು ಸರಳು ಸಿಗುತ್ತದೆ. ಅದರೊಳಗಿನ ಬಿಗಿ ಉಜ್ಜಾಟ ಬಾಲದ ಓಲಾಟವನ್ನು ತಡೆಯುತ್ತದೆ. ಅದನ್ನು ತರಿಸಿ ಹಾಕಿದೆ. ಹೊಸ ಸುರಕ್ಷಾ ಸಾಧನ ಹಾಕ್ತಿದ್ದೀನಿ ಮೇಡಂ ಅಂತ ಟೀಚರಿಗೆ ದೊಡ್ಡದಾಗಿ ಹೇಳಿಯೂ ಆಯಿತು. ಅದೇ ರಸ್ತೆಗೆ ತೆಗೆದುಕೊಂಡು ಹೋಗಿ ನೋಡಿದರೆ ಅರವತ್ತಕ್ಕೆ ಸುಮ್ಮನಿತ್ತು, ಅರವತ್ತೆಂಟಕ್ಕೆ ಮತ್ತೆ ಶುರು. ಈ ಸಲ ಬ್ರೇಕ್ ಮುಟ್ಟದೆ ಕಾಲು ತೆಗೆದೆ; ಡ್ರೈವರ್ ಅವತ್ತು ಮಾಡಿದ್ದನ್ನೇ ಮಾಡಿದ್ದಕ್ಕೆ ಬದುಕಿದೆ. ಜ್ವರ ಯಾಕೆ ಬಂತು ಅಂತ ನೋಡದೆ ಮಾತ್ರೆ ನುಂಗಿದ ಹಾಗಾಗಿತ್ತು ನನ್ನ ಸರಳಿನ ಕೆಲಸ. ಸಮುದ್ರದ ಕಡೆ ಇಳಿಯುವ ಘಾಟಿಯಲ್ಲಿ ಈ ಗಾಡಿ ಹೀಗೆ ಆಡಿದರೆ ಏನಾಗುತ್ತದೆ ಅಂತ ಯೋಚಿಸಿ, ಮಾರನೆಯ ಬೆಳಗ್ಗೆ ಗ್ರೈಂಡರ್ ಹಿಡಿದು ಮಂಚ ಕತ್ತರಿಸಿದೆ.

ಐದು ದಿನದ ಕೆಲಸ. ಟ್ಯಾಂಕು ಮುಂದೆ ಬಂತು, ಅದರ ಪೈಪುಗಳನ್ನೆಲ್ಲ ಬೇರೆ ದಾರಿಯಲ್ಲಿ ಎಳೆದೆ. ಬ್ಯಾಟರಿಗಳು ಮೂತಿಗೆ ಹೋದವು. ಗಾಲಿಕುರ್ಚಿಗೆ ಒಳಗಡೆಯೇ, ಅಚ್ಚಿನ ಮೇಲೆ, ಪಟ್ಟಿ ಹಾಕಿ ಕಟ್ಟುವ ಜಾಗ ಮಾಡಿದೆ. ಟ್ಯಾಂಕು ತುಂಬಿದಾಗ ಮೂತಿಯ ತೂಕ ನೂರ ಮೂವತ್ತೇಳು, ಖಾಲಿಯಾದಾಗ ನೂರಾ ಆರು. ದಾರಿಯಲ್ಲಿ ನೀರು ಖರ್ಚಾದರೂ ಭಯವಿಲ್ಲ. ಓಡಿಸಿ ನೋಡಿದೆ, ಎಪ್ಪತ್ತಕ್ಕೂ ಹಗ್ಗ ಕಟ್ಟಿ ಎಳೆದ ಹಾಗೆ ನೇರ ಬಂತು. ನಾನು ಮಾಡಿದ ಕೆಲಸ ಮೊದಲ ಸಲ ಸರಿಯಾಗಿತ್ತು, ಆದರೆ ಒಂದಿಷ್ಟೂ ಖುಷಿಯಾಗಲಿಲ್ಲ.

ಅವತ್ತು ಸಂಜೆ ಟೀಚರ್ ನೋಡಲು ಬಂದರು. ಮಂಚ ಜಾಗ ಬದಲಾಯಿಸಿದ್ದು ಕಂಡು, ಇನ್ನೂ ಅನುಕೂಲವಾಯಿತು ಅಂತ ಹೊಗಳಿದರು. ಮಾತಿನ ನಡುವೆ, ನೀವು ಅವತ್ತು ಮುಚ್ಚುಮರೆಯಿಲ್ಲದೆ ಹೇಳಿದ್ದು ಒಳ್ಳೆಯದಾಯಿತು, ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಆ ಡ್ರೈವರ್ ವಿಷಯ ಹಾಕಿದ್ದೇನೆ ಅಂದರು. ಇನ್ನೊಬ್ಬರ ಮನೆಯ ಹಿರಿಯರಿಗೆ ಹೀಗಾಗಬಾರದಲ್ಲ ಅನ್ನುವುದು ಅವರ ಕಾಳಜಿ. ಈಗ ಅವನನ್ನು ಯಾರೂ ಕರೆಯುತ್ತಿಲ್ಲವಂತೆ. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ನನ್ನನ್ನು ನಂಬಿ, ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಅಂತ ಮಾಡಿದ್ದರು. ನಾನು ಹೌದಾ ಮೇಡಂ ಅಂದೆ. ಅಷ್ಟೇ ಅಂದೆ. ಅವರ ಕಾರು ಗೇಟು ದಾಟುವವರೆಗೂ ಕೈಯಲ್ಲಿದ್ದ ಸ್ಪ್ಯಾನರನ್ನು ಸುಮ್ಮನೆ ಒರೆಸುತ್ತಾ ನಿಂತಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಕೊಡಿಗೇಹಳ್ಳಿಯ ಅವನ ಮನೆಗೆ ಹೋದೆ. ಕೆಲಸದ ದಿನ, ಕೆಲಸದ ಹೊತ್ತು, ಅವನು ಬನಿಯನ್ನಿನಲ್ಲಿ ಮನೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದ. ಬನ್ನಿ ಅಣ್ಣ ಅಂತ ಕುರ್ಚಿ ತಂದು ಹಾಕಿದ. ಒಳಗಿನಿಂದ ಅವನ ಹೆಂಡತಿ ಕಾಫಿ ಕಳಿಸಿದರು. ನಾನು ಕಾಫಿ ಮುಟ್ಟದೆ ಎಲ್ಲವನ್ನೂ ಹೇಳಿದೆ. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಆದದ್ದು, ಸ್ಕೇಲಿನ ಅಂಕಿ, ಟ್ಯಾಂಕು ಮುಂದಕ್ಕೆ ತಂದದ್ದು. ಅವನು ಬೆರಳಿನಿಂದ ಕಲ್ಲು ಆರಿಸುತ್ತಲೇ ಕೇಳಿದ. ಈಗ ಮೂತಿಯ ಮೇಲೆ ಎಷ್ಟಿದೆ ಅಂದ. ಹೇಳಿದೆ. ಒಳ್ಳೇದಾಯ್ತು ಬಿಡಿ, ಇನ್ನು ಆಡಲ್ಲ ಅಂದ.

ಅವನು ಅಷ್ಟು ಸಲೀಸಾಗಿ ಬಿಟ್ಟುಬಿಡುವುದು ನನಗೆ ತಡೆಯಲಾಗಲಿಲ್ಲ. ಯಜಮಾನರು ಬೆರಳಿನಲ್ಲಿ ಅರವತ್ತು ಅಂತ ತೋರಿಸಿದ್ದನ್ನೂ, ಅದು ನನಗೆ ಅಲ್ಲೇ ಅರ್ಥವಾಗಿದ್ದನ್ನೂ ಹೇಳಿಬಿಟ್ಟೆ. ಅವನ ಕೈ ಮೊರದ ಮೇಲೆ ನಿಂತಿತು.

"ಅವತ್ತೇ ಗೊತ್ತಿತ್ತಾ ನಿಮ್ಗೆ?"

ಹೌದು ಅಂದೆ.

"ಅಣ್ಣನಿಗೆ ಗೊತ್ತಾಗ್ದೆ ಅಂದ್ಬಿಟ್ರು, ಕೆಟ್ಟೋರಲ್ಲ ಅಂತ ಮನೇಲಿ ಹೇಳಿದ್ದೆ ನಾನು." ಮೊರವನ್ನು ಪಕ್ಕಕ್ಕಿಟ್ಟ. "ಗಾಡೀದೇ ತಪ್ಪು ಅಂತ ನಂಗೆ ಅವತ್ತೇ ಗೊತ್ತು. ನಂಗೆ ಗೊತ್ತಿರೋದನ್ನ ನಂಗೇ ಬಂದು ಹೇಳಿದ್ರೆ ಏನ್ ಬಂತು? ಎಲ್ಲಿ ಹೇಳಿದ್ರೋ ಅಲ್ಲಿ ಹೋಗಿ ಹೇಳಿ."

ಕಾಫಿ ಕುಡಿಯಿರಿ ಅಂತ ಅವನು ಮತ್ತೆ ಹೇಳಲಿಲ್ಲ. ನಾನೂ ಕುಡಿಯಲಿಲ್ಲ.

ಅಲ್ಲಿಂದ ಸಹಕಾರನಗರಕ್ಕೆ ಹತ್ತು ನಿಮಿಷದ ದಾರಿ. ಪಾರ್ಕಿನ ಪಕ್ಕ ಕಾರು ನಿಲ್ಲಿಸಿ ಬಹಳ ಹೊತ್ತು ಕೂತಿದ್ದೆ. ಡ್ರೈವರಿನ ಹತ್ತಿರ ಮೊದಲು ಹೋದದ್ದು ಯಾಕೆ ಅಂತ ಅಲ್ಲಿ ಹೊಳೆಯಿತು. ಅವನ ಮನೆಯಲ್ಲಿ ಹೇಳಿದರೆ ನನ್ನ ಮರ್ಯಾದೆ ಹೋಗುವುದಿಲ್ಲ. ಅವನು ಯಾರಿಗೂ ಹೇಳುವವನಲ್ಲ, ಹೇಳಿದರೂ ಕೇಳುವವರಿಲ್ಲ. ಅದನ್ನೇ ಅವನು ಮೊರ ಪಕ್ಕಕ್ಕಿಟ್ಟು ನನಗೆ ತೋರಿಸಿದ್ದ.

ಟೀಚರ ಮನೆಯ ನಡುಮನೆಯಲ್ಲಿ ಯಜಮಾನರು ಗಾಲಿಕುರ್ಚಿಯಲ್ಲಿ ಕೂತಿದ್ದರು. ಕೂತುಕೊಳ್ಳಿ ಅಂದರೂ ನಾನು ನಿಂತೇ ಇದ್ದೆ. ಗಾಡಿಯ ಭಾರ ಹಾಕಿದ್ದರಲ್ಲೇ ತಪ್ಪಿತ್ತು, ಡ್ರೈವರ್ ವೇಗವಾಗಿ ಹೋಗಿರಲಿಲ್ಲ, ಅವನು ಸರಿಯಾಗಿ ಹಿಡಿದದ್ದಕ್ಕೇ ನೀವಿಬ್ಬರೂ ಉಳಿದಿರಿ ಅಂದೆ. ಟೀಚರ್ ಬಾಯಿ ತೆರೆಯುವ ಮುಂಚೆ ಉಳಿದದ್ದನ್ನೂ ಹೇಳಿದೆ. ಸಾರ್ ಅವತ್ತು ಮಾತ್ರೆ ಕೇಳಿರಲಿಲ್ಲ ಮೇಡಂ, ಮೀಟರಿನಲ್ಲಿ ಅರವತ್ತಿತ್ತು ಅಂತ ತೋರಿಸಿದರು, ನನಗೆ ತಿಳಿದಿತ್ತು, ತಿಳಿದೂ ಸುಮ್ಮನಿದ್ದೆ.

ನನಗೆ ಬೈಯುತ್ತಾರೆ ಅಂತ ತಯಾರಾಗಿದ್ದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಯಜಮಾನರ ಮುಂದೆ ಮಂಡಿಯೂರಿ ಕೂತರು.

"ಅವತ್ತು ಅದನ್ನ ಹೇಳ್ತಿದ್ರಾ ನೀವು? ಬಾಯಿಗೆ ಮಾತ್ರೆ ತುರುಕಿಬಿಟ್ನಲ್ರೀ ನಾನು."

ಯಜಮಾನರು ಎಡಗೈಯನ್ನು ಅವರ ತಲೆಯ ಮೇಲಿಟ್ಟರು. ಟೀಚರ್ ಅಳುತ್ತಿದ್ದರು. ಮಾತು ಹೋದ ಮನುಷ್ಯ ಇದ್ದ ಒಂದೇ ಕೈಯಲ್ಲಿ ಸಾಕ್ಷಿ ಹೇಳಿದ್ದ, ನಾನು ಅದನ್ನು ಮಾತ್ರೆಯ ಜೊತೆ ನುಂಗಿಸಿದ್ದೆ. ಡ್ರೈವರಿಗೆ ಮಾಡಿದ್ದಷ್ಟೇ ನನ್ನ ತಪ್ಪು ಅಂದುಕೊಂಡು ಬಂದವನಿಗೆ, ಇವರಿಬ್ಬರ ನಡುವೆಯೂ ಕೈ ಹಾಕಿದ್ದೇನೆ ಅಂತ ಆಗ ಗೊತ್ತಾಯಿತು. ಸೀದಾ ಹೊರಗೆ ಓಡಿಹೋಗೋಣ ಅನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಟೀಚರ್ ಕಣ್ಣೊರೆಸಿಕೊಂಡು ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಗ್ರೂಪಿನಲ್ಲಿ ನೀವೇ ಬರೆಯಿರಿ, ನಿಮ್ಮ ಹೆಸರು ಹಾಕಿ ಬರೆಯಿರಿ ಅಂದರು. ಮೊದಲು ಬರೆದದ್ದರಲ್ಲಿ, ತಾಂತ್ರಿಕ ಕಾರಣದಿಂದ ತಪ್ಪು ತಿಳುವಳಿಕೆಯಾಗಿತ್ತು ಅಂತ ಇತ್ತು. ಓದಿ ನೋಡಿ ಅವರು ತಲೆಯಾಡಿಸಿದರು. ಬಹಳ ಮಕ್ಕಳ ಕಾಪಿ ತಿದ್ದಿದವರು. ಮೂರನೆಯ ಸಲ ಬರೆದದ್ದು ಹೀಗಿತ್ತು: ಟ್ರೈಲರನ್ನು ತಪ್ಪಾಗಿ ಕಟ್ಟಿದವನು ನಾನು. ಡ್ರೈವರ್ ನಿಧಾನವಾಗಿಯೇ ಓಡಿಸುತ್ತಿದ್ದ. ಅದು ಗೊತ್ತಿದ್ದೂ ನಾನು ಸುಳ್ಳು ಹೇಳಿದೆ. ಅದನ್ನು ಕಳಿಸಿದರು. ನನ್ನ ನೆಂಟರಲ್ಲಿ ಇಬ್ಬರು ಆ ಲೇಔಟಿನಲ್ಲೇ ಇದ್ದಾರೆ. ಸಂಜೆಯೊಳಗೆ ಶೆಟ್ಟಿಹಳ್ಳಿಗೆಲ್ಲ ಸುದ್ದಿ ಮುಟ್ಟಿತ್ತು. ಮನೆಯಲ್ಲಿ ಎರಡು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಡ್ರೈವರನ್ನು ಕರೆಯಲು ಟೀಚರ್ ತಾವೇ ಅವನ ಮನೆಗೆ ಹೋಗಿದ್ದರು. ಅವರಿಗೋಸ್ಕರ ಬರುತ್ತೇನೆ ಅಂದನಂತೆ. ಸಮುದ್ರದ ಕಡೆ ಹೊರಡುವ ದಿನ ಬೆಳಗ್ಗೆ ಶೆಡ್ಡಿಗೆ ಬಂದ. ತೂಕಗಳನ್ನು ಬರೆದ ಚೀಟಿಯನ್ನು ನಾನು ಕೊಟ್ಟೆ. ಅವನು ಅದನ್ನು ನೋಡದೆ ಜೇಬಿಗೆ ಹಾಕಿಕೊಂಡು, ಸ್ಕೇಲು ಎಲ್ಲಿದೆ ಅಂತ ಕೇಳಿದ. ತಾನೇ ಎಳೆದು ತಂದು, ದಿಮ್ಮಿ ಇಟ್ಟು, ಮೂತಿ ಇಳಿಸಿ ತೂಗಿದ. ಟ್ಯಾಂಕಿನ ಮುಚ್ಚಳ ತೆಗೆದು ನೀರು ತುಂಬಿದೆಯಾ ಅಂತ ಬೆರಳು ಅದ್ದಿ ನೋಡಿದ. ಮತ್ತೊಮ್ಮೆ ತೂಗಿದ. ನನ್ನ ಅಂಕಿಯೇ ಬಂತು. ಮೊದಲಾಗಿದ್ದರೆ ನನ್ನ ಬಾಯಿಮಾತು ಸಾಕಾಗುತ್ತಿತ್ತು.

ಜೀಪು ಹಿಂದಕ್ಕೆ ತಂದು ಗುಂಡಿಗೆ ಮೂತಿ ಕೂರಿಸಿದ. ಲಾಕಿನ ಪಿನ್ನು ನನ್ನ ಕಾಲ ಹತ್ತಿರ ಬಿದ್ದಿತ್ತು. ಎತ್ತಿಕೊಂಡು ಹಾಕಲು ಬಗ್ಗಿದೆ.

"ಬಿಡಿ ಸಾರ್, ನಾನ್ ಹಾಕ್ಕೋತೀನಿ" ಅಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಸಾರ್ ಅಂದದ್ದು ಅದೇ ಮೊದಲು. ನಾನು ಪಿನ್ನನ್ನು ಅವನ ಕೈಗೆ ಕೊಟ್ಟು, ಗಾಡಿಗೆ ದಾರಿ ಬಿಟ್ಟು ಗೇಟಿನ ಪಕ್ಕ ಸರಿದು ನಿಂತೆ.